ತುಕ್ಕು ಹಿಡಿದ ಗೇಟು

ಗುತ್ತಿಗಾರು ಊರಿನಿಂದ ಮೇಲೆ, ಕಾಡು ಶುರುವಾಗುವಲ್ಲಿ, ನಮ್ಮ ಹೊಳೆಗೆ ಅಡ್ಡವಾಗಿ ಒಂದು ಕಲ್ಲಿನ ಅಣೆಕಟ್ಟು ಇತ್ತು. ಯಾರೋ ಬಿಳಿಯ ದೊರೆ ತನ್ನ ಎಸ್ಟೇಟಿನ ಬಂಗಲೆಗೂ ಯಂತ್ರಗಳಿಗೂ ಕರೆಂಟು ಬೇಕೆಂದು ಕಟ್ಟಿಸಿದ್ದು. ನಾನು ಮದುವೆಯ ವಯಸ್ಸಿಗೆ ಬಂದಾಗ, ಅಂದರೆ ಐವತ್ತರ ದಶಕದ ಕೊನೆಗೆ, ದೊರೆ ಊರು ಬಿಟ್ಟು ಬಹಳ ಕಾಲವಾಗಿತ್ತು. ಎಸ್ಟೇಟು ಕೈಯಿಂದ ಕೈಗೆ ಹೋಯಿತು. ಕರೆಂಟಿನ ಯಂತ್ರವನ್ನು ಬಿಚ್ಚಿ ಲಾರಿಯಲ್ಲಿ ಸಾಗಿಸಿದರು. ಗೋಡೆಯನ್ನೂ ಅದರ ಹಿಂದೆ ನಿಂತ ನೀರನ್ನೂ ನಮ್ಮ ತಲೆಯ ಮೇಲೆ ಬಿಟ್ಟುಹೋದರು.

ನೀರು ಬಿಡುವ ಗೇಟಿಗೆ ದಪ್ಪ ಮರದ ಹಲಗೆಗಳಿದ್ದವು. ಅವನ್ನು ಎತ್ತುವ ಕಬ್ಬಿಣದ ತಿರುಪು ತುಕ್ಕು ಹಿಡಿದು ಕೂತಿತ್ತು. ಅಣ್ಣ ಬಸ್ಸು ಹಿಡಿದು ಪುತ್ತೂರಿಗೆ ಹೋಗಿ ಕಚೇರಿಯ ದೊಡ್ಡವರಲ್ಲಿ ಹೇಳಿ ಬಂದ. "ಅದು ಖಾಸಗಿಯವರ ಕಟ್ಟ, ಧಣಿಗಳನ್ನೇ ಕೇಳಿ" ಅಂದರಂತೆ. ಧಣಿಗಳು ಯಾವ ಊರಿನಲ್ಲಿದ್ದಾರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ನಡು ಮಳೆಗಾಲದ ಆಟಿ ತಿಂಗಳಲ್ಲಿ ಮಳೆ ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಅಣೆಕಟ್ಟು ನೋಡಲು ಹೋದ ಅಣ್ಣ ಓಡಿಕೊಂಡೇ ಬಂದ.

"ನೀರು ಗೋಡೆಯ ತಲೆಗೆ ಮುಟ್ಲಿಕ್ಕಾಯಿತು. ಒಂದು ಬದಿಯ ಮಣ್ಣು ಜರೀತಾ ಉಂಟು. ಹಲಗೆ ಒಡೆಯದಿದ್ರೆ ಕಟ್ಟ ನಿಲ್ಲುದಿಲ್ಲ. ನೀವೆಲ್ಲ ಗುಡ್ಡೆ ಹತ್ತಿ."

"ನೀವೇ ಯಾಕೆ ಹೋಗ್ಬೇಕು?" ಅತ್ತಿಗೆ ಕೇಳಿದಳು.

"ಮತ್ತೆ ಯಾರು ಹೋಗುದು?"

ಹಾರೆ ಹಿಡಿದು ಹೊರಟ ಅಣ್ಣನ ಜೊತೆಗೆ ಹೋದವರು ಅಂಗಡಿ ಇಟ್ಟಿದ್ದ ಮುಸಲ್ಮಾನರೊಬ್ಬರು, ಊರವರೆಲ್ಲ ಬ್ಯಾರಿಗಳು ಅನ್ನುತ್ತಿದ್ದವರು. ಸಣ್ಣಂದಿನಿಂದ ಇಬ್ಬರೂ ಜೊತೆ. ಅಂಗಡಿಯಲ್ಲಿದ್ದ ಹಗ್ಗದ ಸುರುಳಿಯನ್ನೇ ಹೆಗಲಿಗೆ ಹಾಕಿಕೊಂಡಿದ್ದರು.

ನಾವು ಮಕ್ಕಳನ್ನೂ ದನಗಳನ್ನೂ ಕಟ್ಟಿಕೊಂಡು ಗುಡ್ಡೆ ಹತ್ತಿದೆವು. ತುಂಬ ಹೊತ್ತು ಮಳೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಬುಡದಿಂದ ದೊಡ್ಡ ಮರ ಮುರಿದಂತೆ ಒಂದು ಶಬ್ದ. ಹೊಳೆ ಕೆಂಪಾಗಿ ಉಕ್ಕಿತು. ಗದ್ದೆಗಳನ್ನು ಮುಚ್ಚಿ, ನಮ್ಮ ದನದ ಹಟ್ಟಿಯ ಗೋಡೆಯವರೆಗೆ ಬಂದು, ಅಲ್ಲಿಗೆ ನಿಂತಿತು. ಅಣೆಕಟ್ಟು ಉಳಿದಿತ್ತು, ಹಲಗೆ ಮಾತ್ರ ಒಡೆದಿತ್ತು. "ಬದುಕಿದೆವು ಮಾರಾಯ್ರೆ!" ಎಂದು ನೆರೆಮನೆಯ ಅಜ್ಜಿ ಕೈಮುಗಿದಳು. ಅತ್ತಿಗೆ ದಾರಿಯನ್ನೇ ನೋಡುತ್ತಿದ್ದಳು.

ಬ್ಯಾರಿಗಳು ಒಬ್ಬರೇ ಬಂದರು. ಎರಡೂ ಅಂಗೈಗಳ ಚರ್ಮ ಕಿತ್ತುಹೋಗಿತ್ತು.

ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿ ಗೇಟಿನ ಬಳಿಗೆ ಇಳಿದಿದ್ದನಂತೆ. ಆ ಬೋಳು ಗೋಡೆಯ ಮೇಲೆ ಹಗ್ಗ ಬಿಗಿಯಲು ಒಂದು ಕುತ್ತಿಯೂ ಗೂಟವೂ ಇರಲಿಲ್ಲ. ಬ್ಯಾರಿಗಳೇ ಕಾಲು ಊರಿ ಹಿಡಿದು ಕೂತಿದ್ದರು. ಮೊದಲ ಹಲಗೆ ಒಡೆದದ್ದೇ ಉಳಿದವೂ ಒಟ್ಟಿಗೆ ಕಿತ್ತುಬಂದು, ನೀರು ಅವನನ್ನು ಎಳೆಯಿತು, ಹಗ್ಗ ಕೈಯಿಂದ ಜಾರಿತು ಅಂದರು ಬ್ಯಾರಿಗಳು. ಹೊಳೆ ಇಳಿದ ಮೇಲೆ ಕೆಳಗಿನ ಬಿದಿರು ಮೆಳೆಯಲ್ಲಿ ದೇಹ ಸಿಕ್ಕಿತು.

ಮಳೆಗಾಲ ಕಳೆದ ಮೇಲೆ ಜೀಪಿನಲ್ಲಿ ಅಧಿಕಾರಿಗಳು ಬಂದು ನೋಡಿದರು. ಗೇಟಿಗೆ ಮತ್ತೆ ಹಲಗೆ ಇಡಬಾರದೆಂದು ಹೇಳಿ ಹೋದರು. ಇಡುವವರಾದರೂ ಯಾರಿದ್ದರು?

ಅತ್ತಿಗೆ ಆ ಅಂಗಡಿಯ ಕಡೆ ಮುಖ ಹಾಕಲಿಲ್ಲ. ಉಪ್ಪಿಗೂ ದೂರದ ಅಂಗಡಿಗೆ ನನ್ನನ್ನು ಕಳಿಸುತ್ತಿದ್ದಳು. ವರ್ಷ ತುಂಬುವ ಹೊತ್ತಿಗೆ ಬ್ಯಾರಿಗಳೇ ಒಂದು ಮಧ್ಯಾಹ್ನ ಬಂದು ಅಂಗಳದಲ್ಲಿ ನಿಂತರು.

"ಅಕ್ಕಾ, ಹಗ್ಗ ಜಾರಿದ್ದು ಅಂತ ಎಲ್ಲರಿಗೆ ಹೇಳಿದ್ದೇನೆ. ಜಾರಿದ್ದಲ್ಲ. ನಾನೇ ಬಿಟ್ಟದ್ದು."

ಅತ್ತಿಗೆ ಕಂಬ ಹಿಡಿದುಕೊಂಡಳು. "ಯಾಕೆ?"

"ನಾನೂ ಅಂಚಿಗೆ ಜಾರ್ತಾ ಇದ್ದೆ. ಅವ ನೋಡಿದ. 'ಬಿಡು ಮಾರಾಯ, ನಿನಗೂ ಮಕ್ಕಳುಂಟು' ಅಂತ ಬೊಬ್ಬೆ ಹಾಕಿದ. ಆದರೂ ಬಿಡಲಿಲ್ಲ ಅಕ್ಕಾ. ಕಡೆಗೆ ಬಿಟ್ಟೆ."

ಅತ್ತಿಗೆ ಕಂಬ ಬಿಟ್ಟು ಮುಂದೆ ಬಂದಳು. "ಅವರು ಯಾವತ್ತೂ ಹಾಗೆಯೇ," ಅಂದಳು.

ಬ್ಯಾರಿಗಳು ಮೆಟ್ಟಿಲಲ್ಲಿ ಕುಸಿದು ಕೂತು ಅತ್ತರು. ಅತ್ತಿಗೆ ಅಳಲಿಲ್ಲ. ಒಳಗೆ ಹೋಗಿ, ಮನೆಗೆ ಬಂದ ನೆಂಟರಿಗೆ ಕೊಡುವ ಹಾಗೆ, ಒಂದು ಚೆಂಬು ನೀರೂ ಬೆಲ್ಲದ ತುಂಡೂ ತಂದು ಅವರ ಹತ್ತಿರ ಇಟ್ಟಳು.