ಗಿಡ್ಡ, ಮಾಸ್ತರ, ಸಿಟ್ಟಿನಾಂವ

ಕಾಕಾ ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಕಾಕು ಫೋನ್ ಮಾಡಿದಳು.

"ಬೇಸ್‌ಮೆಂಟ್ ಖಾಲಿ ಮಾಡಾಕತ್ತೀನಿ. ಮುಂದಿನ ತಿಂಗಳಿಂದ ಅಲ್ಲಿ ಹುಡುಗ್ರಿಗೆ ಕನ್ನಡ ಕ್ಲಾಸ್ ತಗೋಬೇಕಂತ ಮಾಡೀನಿ. ನಿಮ್ಮ ಕಾಕಾ ಆ ಬಂದೂಕಿನ ತೋಟಾ ಮಾಡೋ ಸಾಮಾನೆಲ್ಲಾ ನಿನಗಂತ ಬರದಿಟ್ಟಾರ. ಬಂದು ಒಯ್ದುಬಿಡವಾ."

ಕಾಕಾ ನನ್ನ ಅಪ್ಪನ ತಮ್ಮ, ಕಾಕು ಅವರ ಹೆಂಡತಿ. ಕಾಕಾ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದು, ಡೆಟ್ರಾಯ್ಟ್ ಹೊರವಲಯದ ಕಾರು ಬಿಡಿಭಾಗಗಳ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ನಿವೃತ್ತಿಯವರೆಗೂ ದುಡಿದವರು. ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಆದರೆ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಶೂಟಿಂಗ್ ರೇಂಜಿಗೆ ಹೋಗಿ ಕಾಗದದ ಗುರಿಗೆ ಗುಂಡು ಹೊಡೆದು ಬರುತ್ತಿದ್ದರು. ಹೊಡೆದ ತೋಟಾಗಳ ಹಿತ್ತಾಳೆ ಚಿಪ್ಪನ್ನು ಬಿಸಾಡುತ್ತಿರಲಿಲ್ಲ. ಆಯ್ದು ತಂದು, ತೊಳೆದು, ಪ್ರೆಸ್ಸಿಗೆ ಡೈ ಎಂಬ ಉಕ್ಕಿನ ಅಚ್ಚು ತಿರುಗಿಸಿ ಕೂರಿಸಿ, ಅದರೊಳಗೆ ಚಿಪ್ಪನ್ನು ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಮದ್ದು ತುಂಬಿ, ಹೊಸ ಗುಂಡು ಕೂರಿಸುತ್ತಿದ್ದರು. ನಾನು ಬೋಲಿಂಗ್‌ಬ್ರೂಕಿನ ಒಂದು ಕಂಪನಿಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳ ಅಳತೆ ಪರೀಕ್ಷಿಸುವವಳು. ಮನೆತನದಲ್ಲಿ ಕ್ಯಾಲಿಪರ್ ಹಿಡಿದವರು ನಾವಿಬ್ಬರೇ. ಅದಕ್ಕೇ ನನಗೆ ಬರೆದಿರಬೇಕು.

ಬಂದೂಕುಗಳನ್ನು ಕಾಕು ಅಷ್ಟರಲ್ಲಿ ಲೈಸೆನ್ಸ್ ಇದ್ದ ಅಂಗಡಿಗೆ ಕೊಟ್ಟಾಗಿತ್ತು. ಮದ್ದನ್ನು ಕಾಕಾನ ಜೊತೆ ರೇಂಜಿಗೆ ಹೋಗುತ್ತಿದ್ದ ಗೆಳೆಯರೊಬ್ಬರು, ನಿವೃತ್ತ ಅಮೆರಿಕನ್ ವೆಲ್ಡರ್, ಒಯ್ದಿದ್ದರು. ಉಳಿದ ಕಬ್ಬಿಣವನ್ನೆಲ್ಲ ನಾನು ವ್ಯಾನಿಗೆ ತುಂಬಿದೆ. ಒಂದು ಸಣ್ಣ ಡಬ್ಬಿ ಮಾತ್ರ ಬೂಟಿಗೆ ಹಚ್ಚುವ ಪಾಲಿಶ್‌ನ ಹಾಗಿತ್ತು. ಅದನ್ನು ಕಾಕುವಿಗೇ ವಾಪಸ್ ಕೊಟ್ಟು, ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿ ನೇಪರ್‌ವಿಲ್ಲಿನ ನನ್ನ ಮನೆಗೆ ಬಂದೆ.

ಗ್ಯಾರೇಜಿನಲ್ಲಿ ಎಲ್ಲ ಹರಡಿದ ಮೇಲೆ ತಲೆ ಕೆಟ್ಟಿತು. ನಾಲ್ಕು ಪೆಟ್ಟಿಗೆಗಳಲ್ಲಿ ಹನ್ನೊಂದು ಡೈಗಳು. ಮೇಲೆ ಕೊರೆದ ಅಕ್ಷರಗಳು ಕಾಕಾನ ಕೈ ತಾಗಿ ತಾಗಿ ಸವೆದುಹೋಗಿದ್ದವು. ಅದರ ಬದಲು ಮೂರು ಪೆಟ್ಟಿಗೆಗಳ ಮೇಲೆ ಬಿಳಿ ಟೇಪು ಅಂಟಿಸಿ ಕನ್ನಡದಲ್ಲಿ ಬರೆದಿದ್ದರು. ಒಂದರ ಮೇಲೆ "ಗಿಡ್ಡ". ಒಂದರ ಮೇಲೆ "ಮಾಸ್ತರ". ಮೂರನೆಯದರ ಮೇಲೆ "ಸಿಟ್ಟಿನಾಂವ". ನಾಲ್ಕನೆಯದರ ಮೇಲೆ ಏನೂ ಇರಲಿಲ್ಲ. ಇಡೀ ಇಲಿನಾಯ್ಸ್‌ನಲ್ಲಿ ಇದನ್ನು ಓದಬಲ್ಲವರು ಎಷ್ಟು ಜನ? ಓದಿದ ನನಗೂ ಏನೂ ತಿಳಿಯಲಿಲ್ಲ.

ನನ್ನ ಗಂಡ ಮೈಸೂರಿನವರು. ಬಾಗಿಲಿಗೆ ಒರಗಿ ನಿಂತು, "ಯೂಟ್ಯೂಬ್‌ನಲ್ಲಿ ನೋಡ್ಬಾರ್ದಾ?" ಅಂದರು.

"ಏನಂತ ಸರ್ಚ್ ಮಾಡ್ಲಿ? ಸಿಟ್ಟಿನಾಂವ ಅಂತಾನಾ?"

ಡೈಗಳನ್ನು ಎತ್ತಿಕೊಂಡು ಹತ್ತಿರದ ಒಂದು ಬಂದೂಕಿನ ಅಂಗಡಿಗೂ ಹೋದೆವು. ಪ್ರಶ್ನೆ ಕೇಳಿದವಳು ನಾನು. ಕೌಂಟರಿನವನು ಉತ್ತರ ಹೇಳಿದ್ದು ನನ್ನ ಗಂಡನ ಮುಖ ನೋಡಿ. ಅವರಿಗೋ ಬಲ್ಬ್ ತಿರುಗಿಸಿ ಹಾಕುವುದೂ ಬಾರದು. "She is the one asking" ಎಂದು ಅವರು ಎರಡು ಸಲ ಹೇಳಿದರೂ ಆ ಮನುಷ್ಯ ತಿರುಗಲಿಲ್ಲ. ಕೊನೆಗೆ, ಗುರುತಿಲ್ಲದ ಡೈ ಬಳಸಬೇಡಿ, ಹೊಸದು ತೆಗೆದುಕೊಳ್ಳಿ ಎಂದ.

ಅಳತೆಯೇ ಉತ್ತರ ಹೇಳಲಿ ಎಂದು ಹಟ ಹಿಡಿದೆ. ಮೂರು ಭಾನುವಾರ ಕ್ಯಾಲಿಪರ್ ಹಿಡಿದು ಕೂತೆ. ಡೈಯ ಒಳಗಿನ ಗೋಡೆ ಮೇಲೆ ಹೋದಂತೆ ಕಿರಿದಾಗುತ್ತದೆ. ಎಲ್ಲಿ ಅಳೆದರೂ ಬೇರೆ ಬೇರೆ ಸಂಖ್ಯೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಅದು ಅವಮಾನವೇ. ಕಡೆಗೆ ಕಾಫಿ ಡಬ್ಬಿಯಲ್ಲಿದ್ದ ಉದ್ದನೆಯ ಖಾಲಿ ಚಿಪ್ಪೊಂದು ಸಿಟ್ಟಿನಾಂವನಿಗೆ ಹೊಂದುವ ಹಾಗೆ ಕಂಡಿತು. ಪ್ರೆಸ್ಸಿನ ಹಿಡಿ ಎಳೆದೆ. ಚಿಪ್ಪು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದೆ. ಚಿಪ್ಪಿನ ಬುಡದ ಅಂಚು ಕಿತ್ತು ಬಂತು. ಅದರ ಜೊತೆಗೆ ಪ್ರೆಸ್ ಕೂರಿಸಿದ್ದ ಹಲಗೆಯೂ ಎದ್ದು ಬಂತು. ಮೊಣಕೈ ಗೋಡೆಗೆ ಬಡಿದು ನಾನು ಬೈದ ಬೈಗುಳ ಪಕ್ಕದ ಮನೆಗೆ ಅರ್ಥವಾಗದ್ದು ಪುಣ್ಯ.

ಕಾಕುವಿನಿಂದ ನಂಬರ್ ಪಡೆದು ವೆಲ್ಡರ್‌ಗೆ ಫೋನ್ ಮಾಡಿದೆ. ಸಿಕ್ಕಿಕೊಳ್ಳದ ಹಾಗೆ ಚಿಪ್ಪಿಗೆ ಮೇಣ ಹಚ್ಚಿದೆಯಾ ಎಂದು ಕೇಳಿದರು. ಯಾವ ಮೇಣ? ಸಣ್ಣ ಚಪ್ಪಟೆ ಡಬ್ಬಿ, ನೋಡಲು ಪಾಲಿಶ್ ಇದ್ದ ಹಾಗಿರುತ್ತದೆ, ಎಂದರು. ನಾನು ಕಾಕುವಿಗೆ ವಾಪಸ್ ಕೊಟ್ಟುಬಂದದ್ದು ಅದನ್ನೇ. ಆಮೇಲೆ ಅವರೇ, ಅಷ್ಟೆಲ್ಲ ಯಾಕೆ ಒದ್ದಾಡುತ್ತೀ, ಎಲ್ಲ ವಿವರವನ್ನೂ ಅವನು ಹಸಿರು ನೋಟ್‌ಬುಕ್ಕಿನಲ್ಲಿ ಬರೆದಿದ್ದನಲ್ಲ, ಎಂದರು.

ತಕ್ಷಣ ಕಾಕುವಿಗೆ ಫೋನ್ ಹಚ್ಚಿದೆ.

"ಹಸರು ನೋಟ್‌ಬುಕ್ಕಾ? ಬರೇ ನಂಬರ್ ಇದ್ವು ಅದರಾಗ. ರೀಸೈಕಲ್‌ಗೆ ಹಾಕಿದೆ."

"ಕಾಕು! ನನಗೊಂದ್ ಮಾತ್ ಕೇಳಬಾರದಿತ್ತಾ? ನಾಕ್ ವಾರದಿಂದ ಗ್ಯಾರೇಜಿನಾಗ ಸಾಯಾಕತ್ತೀನಿ ನಾನು!"

ದನಿ ಏರಿತ್ತು. ಏರಬಾರದಿತ್ತು.

"ನೀ ನಾಕ್ ವಾರ ಆತು ಅಂತಿ. ನಾ ಮೂವತ್ತು ವರ್ಷ, ಮ್ಯಾಲಿನ ಅಡಗಿಮನ್ಯಾಗ ನಿಂತು ಆ ಪ್ರೆಸ್ಸಿನ ಸಪ್ಪಳಾ ಕೇಳೀನಿ. ಊಟಕ್ಕ ಬರ್ರಿ ಅಂತ ಕರದ್ರ, ಇನ್ನ ಹತ್ತು ಅದಾವ ತಡಿ ಅನ್ನೋರು. ಆ ಹತ್ತು ಯಾವತ್ತೂ ಮುಗೀಲಿಲ್ಲ. ಆ ಬುಕ್ಕು ಕೈಯಾಗ ಹಿಡದಾಗ ಸಿಟ್ಟು ಬಂತು, ಒಗದೆ."

ನಾನು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತೆ. ನನ್ನ ಸಿಟ್ಟೂ ಇಳಿದಿರಲಿಲ್ಲ. ಕಾಕುವೇ ಕೇಳಿದಳು: "ಆ ಪೆಟಿಗಿ ಮ್ಯಾಲ ಏನ್ ಬರದಾರ?"

ಓದಿ ಹೇಳಿದೆ. ಅವಳು ನಕ್ಕೇ ಬಿಟ್ಟಳು.

"ಅಯ್ಯ, ಅವು ಬಂದೂಕಿನ ಹೆಸರು! ಗಿಡ್ಡ ಅಂದ್ರ ಸಣ್ಣ ರಿವಾಲ್ವರು. ಸಿಟ್ಟಿನಾಂವ ಭುಜಕ್ಕ ಒದೀತಿದ್ದ, ನಾನ ಎಣ್ಣಿ ಹಚ್ಚಿ ತಿಕ್ಕತಿದ್ದೆ. ಮಾಸ್ತರ ಅಂದ್ರ ಉದ್ದ ಕೋಲಿನಂಥಾದ್ದು, ತಪ್ಪಿದ್ರ ಬೈತೈತಿ ಅನ್ನೋರು. ಬಂದೂಕ ತಗೊಂಡ ಅಂಗಡ್ಯಾಂವ ಮೂರರದೂ ಲಿಸ್ಟ್ ಕೊಟ್ಟಾನ. ಫೋಟೊ ಕಳಸ್ಲಿ?"

ಲಿಸ್ಟಿನಲ್ಲಿ ಮೂರು ಬಂದೂಕಿನ ತೋಟಾದ ಅಳತೆಯೂ ಸ್ಪಷ್ಟವಾಗಿತ್ತು. ನಾಲ್ಕು ವಾರದ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಸಂತೋಷವಾಗಬೇಕಿತ್ತು. ಮೊದಲ ದಿನವೇ ಇವಳನ್ನು ಕೇಳಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು. ಕಾಕುವಿಗೆ ಗೊತ್ತಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಹಿಮ ಕರಗಿದ ಮೇಲೆ ಎಲ್ಲ ಕಟ್ಟಿಕೊಂಡು ಮತ್ತೆ ಮಿಶಿಗನ್ನಿಗೆ ಹೋದೆ. ವೆಲ್ಡರ್ ಸಿಕ್ಕಿಕೊಂಡ ಚಿಪ್ಪಿಗೆ ತೂತು ಕೊರೆದು, ಸ್ಕ್ರೂ ಹಾಕಿ, ಹತ್ತು ನಿಮಿಷದಲ್ಲಿ ಎಳೆದು ಹಾಕಿದರು. ಗಿಡ್ಡನನ್ನು ಅಂಗಡಿಯಿಂದ ಅವರೇ ಕೊಂಡಿದ್ದರು. ಮದ್ದಿನ ಅಳತೆ ಹೇಳುವ ಅಚ್ಚಿನ ಕೈಪಿಡಿ ತೆರೆದಿಟ್ಟುಕೊಂಡು, ಅವರ ಕಣ್ಣೆದುರೇ ಹತ್ತು ತೋಟಾ ಮಾಡಿದೆ. ಅವರು ಒಂದೊಂದನ್ನೂ ಅಳೆದು ನಾಲ್ಕನ್ನು ಪಕ್ಕಕ್ಕೆ ಸರಿಸಿದರು. ಕೂದಲೆಳೆಯಷ್ಟು ವ್ಯತ್ಯಾಸ. ನಾನು ವಾದಿಸಿದೆ. ಅವರು ತಲೆ ಅಲ್ಲಾಡಿಸಿದರು, ಅಷ್ಟೆ. ಕೆಲಸದಲ್ಲಿ ನಾನೂ ದಿನಾ ಹಾಗೇ ಬೇರೆಯವರ ಸಾಮಾನು ವಾಪಸ್ ಕಳಿಸುತ್ತೇನೆ. ಕಳಿಸಿಕೊಂಡವರಿಗೆ ಹೇಗಾಗುತ್ತದೆ ಎಂದು ಆವತ್ತು ಗೊತ್ತಾಯಿತು.

ಉಳಿದ ಆರನ್ನು ರೇಂಜಿನಲ್ಲಿ ಹೊಡೆದೆ. ಆರೂ ಸರಿಯಾಗಿ ಹಾರಿದವು. ಕಾಗದಕ್ಕೆ ತಾಗಿದ್ದು ಎರಡು.

ಹೊರಡುವ ಮುಂಚೆ ವೆಲ್ಡರ್ ತಳದಲ್ಲಿದ್ದ, ಮೇಲೆ ಏನೂ ಬರೆಯದ ನಾಲ್ಕನೆಯ ಪೆಟ್ಟಿಗೆ ತೆರೆದರು. ಒಳಗೆ ಎರಡು ಡೈ, ಲಿಸ್ಟಿನ ಯಾವ ಬಂದೂಕಿಗೂ ಸೇರದವು. ಮುಚ್ಚಳದ ಒಳಗಡೆ, ನಾನು ಗಮನಿಸಿರದ ಟೇಪು. ಏನು ಬರೆದಿದೆ ಎಂದು ನನ್ನನ್ನು ಕೇಳಿದರು.

"ನಂದಲ್ಲ" ಎಂದು ಬರೆದಿತ್ತು.

ಅವರದೂ ಅಲ್ಲವಂತೆ. ಕಾಕುವಿಗೂ ಗೊತ್ತಿಲ್ಲ. ರೇಂಜಿನ ಹಳಬರನ್ನೆಲ್ಲ ಕೇಳಿದ್ದಾಯಿತು, ಇಬ್ಬರು ನಮ್ಮದಲ್ಲ ಎಂದು ಮೆಸೇಜ್ ಕಳಿಸಿದರು. ಮಿಕ್ಕವರ ಉತ್ತರವೇ ಇಲ್ಲ. ಯಾರದು ಎಂದು ಬರೆಯಲು ಕಾಕಾನಿಗೆ ಇನ್ನೆಷ್ಟು ಟೇಪು ಬೇಕಿತ್ತು?