ಬಿ ಸೌಮು ಮತ್ತು ನಾಲ್ಕು ಫ್ಯಾನುಗಳು

ಮೊಂಬಾಸಾದ ಹಳೇ ಪೇಟೆಯಲ್ಲಿ ಮದುಮಗಳಿಗೆ ಮುಖಾಲಂಕಾರ ಮಾಡುವ ಬಿ ಸೌಮುವಿಗೂ (ಅಲ್ಲಿ ಹಿರಿಯ ಹೆಂಗಸರ ಹೆಸರಿಗೆ ಗೌರವದಿಂದ 'ಬಿ' ಸೇರಿಸುತ್ತಾರೆ) ಫ್ಯಾನಿಗೂ ಹುಟ್ಟಾ ವೈರ. ಫೆಬ್ರವರಿಯ ಸೆಕೆಯಲ್ಲಿ, ಸಮುದ್ರಕ್ಕೇ ಬೆವರು ಕಿತ್ತುಬರುವ ಹೊತ್ತಿನಲ್ಲಿ, ಆಕೆ ಕೋಣೆಗೆ ಕಾಲಿಟ್ಟು ಮೊದಲು ಮಾಡುವ ಕೆಲಸ ಫ್ಯಾನ್ ಆರಿಸುವುದು. ಇಷ್ಟೇ ಸಂಗತಿ. ಆದರೆ ಹಳೇ ಪೇಟೆಯ ಹೆಂಗಸರು ಇಷ್ಟಕ್ಕೆ ಬಿಡುವವರಲ್ಲ. ಸೌಮುವಿನ ಅಜ್ಜಿ ಸೆಕೆಯ ಜಿನ್ನಿನ ಜೊತೆ ಒಪ್ಪಂದ ಮಾಡಿಕೊಂಡಿದ್ದಳು, ಗಾಳಿ ಬೀಸಿದರೆ ಅದು ಮುರಿದುಬೀಳುತ್ತದೆ ಎಂದು ಒಬ್ಬಳು ಹೇಳಿದಳು. ಬೆವರು ಸೌಮುವಿನ ಆಜ್ಞೆ ಕೇಳುತ್ತದೆ, ಫ್ಯಾನಿನ ಸದ್ದಿನಲ್ಲಿ ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಇನ್ನೊಬ್ಬಳು. ಒಂದು ಮನೆಯಲ್ಲಂತೂ ಆಕೆ ಹೊಸ್ತಿಲು ದಾಟಿದ್ದನ್ನು ಕಂಡು ಫ್ಯಾನು ತಾನಾಗಿಯೇ ನಿಂತುಹೋಯಿತಂತೆ. ಆಗ ಇಡೀ ಬೀದಿಗೆ ಕರೆಂಟ್ ಇರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈ ಜಿನ್ನಿನ ಕಥೆ ನಂಬದವಳು ಲುತ್ಫಿಯಾ. ಅವಳು ಮೂರು ವರ್ಷ ಸೌಮುವಿನ ಬಣ್ಣದ ಪೆಟ್ಟಿಗೆ ಹೊತ್ತು ಹಿಂದೆ ಹಿಂದೆ ತಿರುಗಿದವಳು. 'ದಡ್ಡಿ' ಎಂಬ ಒಂದೇ ಪದವನ್ನು ಎಷ್ಟು ರುಚಿಗಳಲ್ಲಿ ಬಡಿಸಬಹುದೋ ಅಷ್ಟನ್ನೂ ಉಂಡವಳು. ಫ್ಯಾನ್ ಯಾಕೆ ಆರಿಸುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ ಪೌಡರಿನ ಪಫ್ ಹಾರಿಬಂದು ಕಣ್ಣಿಗೆ ಬಡಿದಿತ್ತು. ಅಂದೇ ಅವಳಿಗೆ ಖಾತ್ರಿಯಾಯಿತು: ಇದರಲ್ಲಿ ಏನೋ ವಿದ್ಯೆಯಿದೆ, ಮುದುಕಿ ಅದನ್ನು ಗೋರಿಗೆ ಹೊತ್ತೊಯ್ಯಲು ಕಾಯುತ್ತಿದ್ದಾಳೆ. ಲುತ್ಫಿಯಾ ಪೆಟ್ಟಿಗೆ ಕೆಳಗಿಟ್ಟು ದುಬೈಗೆ ಹೋದಳು, ಮೂರು ತಿಂಗಳು ಕಲಿತು ಬಂದಳು, ಸಿಂಗಾರದ ಅಂಗಡಿ ತೆರೆದಳು. ಹಠಕ್ಕೆಂದೇ ನಾಲ್ಕು ದಿಕ್ಕಿಗೆ ನಾಲ್ಕು ಫ್ಯಾನ್ ಇಟ್ಟಳು, ಮದುವೆ ಮನೆಗಳಿಗೂ ಅವನ್ನೇ ಹೊತ್ತೊಯ್ದಳು.

ಮುನಿರಾಳ ಕುಪಾಂಬಾ ಬಂತು. ನಿಕಾಹ್ ಆದ ಮೇಲೆ ಮದುಮಗಳು ಸಿಂಗರಿಸಿಕೊಂಡು ಹೆಂಗಸರ ಮುಂದೆ ವೇದಿಕೆಯ ಮೇಲೆ ಕಣ್ಣು ತಗ್ಗಿಸಿ ಕೂರುವ ಸಂಜೆ ಅದು. ಅವಳು ನಗುವಂತಿಲ್ಲ, ಮಾತಾಡುವಂತಿಲ್ಲ, ಬೆವರು ಒರೆಸಿಕೊಳ್ಳುವಂತಿಲ್ಲ. ಮುನ್ನೂರು ಹೆಂಗಸರು ಬುರ್ಖಾ ತೆಗೆದಿಟ್ಟು ಒಬ್ಬೊಬ್ಬರೇ ಹತ್ತಿರ ಬಂದು, ಅಕ್ಕಸಾಲಿ ಹಳೇ ಸರ ನೋಡುವ ಹಾಗೆ ಅವಳ ಮುಖ ನೋಡುತ್ತಾರೆ. ಲುತ್ಫಿಯಾಳನ್ನು ಕರೆಸಿದ್ದು ವರನ ಸೋದರತ್ತೆ ಬಿ ಝುವೇನಾ. ಈ ಮುಖದ ಬಣ್ಣ ಕೊನೆಯವರೆಗೂ ನಿಂತರೆ ಆ ಮನೆಯ ಇನ್ನೆರಡು ಮದುವೆಯೂ ಲುತ್ಫಿಯಾಳಿಗೆ. ನಿಲ್ಲದಿದ್ದರೆ ಝುವೇನಾಳ ನಾಲಿಗೆಯೇ ಸಾಕು, ಶುಕ್ರವಾರದೊಳಗೆ ಅಂಗಡಿಗೆ ಬೀಗ.

ಮುಖ ನಿಲ್ಲಲಿಲ್ಲ. ನಾಲ್ಕು ಗಂಟೆಗೆ ಹಚ್ಚಿದ್ದು ಐದಕ್ಕೆ ಹಣೆಯಿಂದ ಜಾರಿತು. ಅದರ ಮೇಲೆ ಪೌಡರ್ ಒತ್ತಿದಳು, ಐದೂವರೆಗೆ ಮೂಗಿನ ಪಕ್ಕ ಬಿರುಕು. ಮತ್ತೆ ಕ್ರೀಮು, ಮತ್ತೆ ಪೌಡರು. ನಾಲ್ಕು ಫ್ಯಾನುಗಳು ಭರ್ರೆಂದು ಮೇಲಿನ ಪದರವನ್ನು ಒಣಗಿಸುತ್ತಿದ್ದವು, ಕೆಳಗಿನ ಪದರ ತನ್ನ ಪಾಡಿಗೆ ಜಾರುತ್ತಿತ್ತು. ಆರಕ್ಕೆ ಒಳಬಂದ ಝುವೇನಾ ಒಂದು ನೋಟ ನೋಡಿ, ಬಲು ಸಿಹಿಯಾಗಿ ನಕ್ಕು, ಗಾಬರಿಯಾಗಬೇಡ ಮಗಳೇ ಎಂದು ಹೇಳಿ, ಹೊರಗೆ ಎಲ್ಲರಿಗೂ ಕೇಳುವಂತೆ ಬಿ ಸೌಮುವಿಗೆ ಹೇಳಿಕಳಿಸಿದಳು.

ಯುದ್ಧಭೂಮಿಗೆ ಆನೆ ಬರುವ ಹಾಗೆ ಸೌಮು ಬಂದಳು. ಟಕ್, ಟಕ್, ಟಕ್, ಟಕ್. ನಾಲ್ಕೂ ಫ್ಯಾನು ಸತ್ತವು.

"ಇದೇನು ಮದುವೆ ಮನೇನೋ, ಮೀನು ಒಣಗಿಸೋ ಜಾಗಾನೋ?" ಎಂದಳು. ಮುನಿರಾಳ ಗಲ್ಲ ಹಿಡಿದೆತ್ತಿ ಬೆಳಕಿಗೆ ತಿರುಗಿಸಿದಳು. "ಹಾಲು ಒಡೆದಿದೆ."

ಭಜಿಯಾ ಕಟ್ಟಿಸಿಕೊಂಡು ಬಂದಿದ್ದ ಪೊಟ್ಟಣದಿಂದ ಒಣ ಕಾಗದದ ತುಂಡು ಹರಿದು ಮದುಮಗಳ ಹಣೆಗೆ ಒತ್ತಿ, ಬಲ್ಬಿನ ಎದುರು ಹಿಡಿದಳು. ಜಿಡ್ಡು ಹೀರಿದ ಕಾಗದದಾಚೆ ಬಲ್ಬು ಕಾಣುತ್ತಿತ್ತು. ಮೂಸಿದಳು. ಕೊಬ್ಬರಿ ಎಣ್ಣೆ, ಗಂಧ.

"ಇವಳಿಗೆ ಎಣ್ಣೆ ಬಳಿದೋರು ಯಾರು?"

ಮಾತಾಡಬಾರದ ಮದುಮಗಳ ಕಣ್ಣು ಮೆಲ್ಲಗೆ ಝುವೇನಾಳ ಕಡೆ ಹೊರಳಿತು. ಝುವೇನಾ ಕತ್ತು ನೆಟ್ಟಗೆ ಮಾಡಿದಳು. ಬೇರೆಯವರು ಗಂಧವನ್ನು ಪನ್ನೀರಿನಲ್ಲಿ ತೇಯ್ದು ಹಚ್ಚುತ್ತಾರಂತೆ, ಅದು ಬಡವರ ಪದ್ಧತಿಯಂತೆ. ತಮ್ಮ ಮನೆತನದಲ್ಲಿ ಎಣ್ಣೆಯಲ್ಲೇ ಕಲಸುವುದಂತೆ. ಮಧ್ಯಾಹ್ನ ತಾನೇ ಹಚ್ಚಿ, ಒಂದು ತಾಸು ಬಿಟ್ಟು ಬಟ್ಟೆಯಲ್ಲಿ ಒರೆಸಿದ್ದಳಂತೆ.

"ಹುಡುಗಿ ಹೊಳೀಬೇಕಲ್ಲ, ಬಿ ಸೌಮು."

"ಹೊಳೀತಿದಾಳೆ ಬಿಡಿ ತಾಯಿ. ಈಗಷ್ಟೇ ಬಾಣಲೆಯಿಂದ ಎತ್ತಿದ ಭಜಿಯಾ ಥರ." ಬಳಿಕ ಲುತ್ಫಿಯಾಳ ಕಡೆ ತಿರುಗಿದಳು. "ನೀನು ಕೇಳಿದ್ಯಾ, ಮುಖಕ್ಕೆ ಮೊದಲೇ ಏನಾದ್ರೂ ಹಚ್ಚಿದಾರಾ ಅಂತ?"

"ಇಲ್ಲ."

"ಸೋಪು ಹಾಕಿ ತೊಳೆಸಿದ್ಯಾ?"

"ಒದ್ದೆ ಬಟ್ಟೇಲಿ ಒರೆಸಿದೆ."

"ಮೂರು ವರ್ಷ ನನ್ನ ಪೆಟ್ಟಿಗೆ ಹೊತ್ತೆ. ಕತ್ತೇನೂ ಹೊರುತ್ತೆ, ಅದಕ್ಕೂ ಇಷ್ಟು ಹೊತ್ತಿಗೆ ಬುದ್ಧಿ ಬರ್ತಿತ್ತು."

ಲುತ್ಫಿಯಾಳ ಕಿವಿ ಕಾದವು. ಅಂಗಡಿಯ ಬೋರ್ಡು ಕೆಳಗಿಳಿಯುತ್ತಿರುವುದು ಅವಳಿಗೆ ಕಣ್ಣೆದುರೇ ಕಂಡಿತು. ಬ್ರಷ್ಷುಗಳ ಚೀಲವನ್ನು ಸೌಮುವಿನ ಮುಂದೆ ತಳ್ಳಿದಳು. ಸೌಮು ಅದನ್ನು ಕಾಲಿನಿಂದಲೇ ವಾಪಸು ತಳ್ಳಿದಳು.

"ಎಂಜಲು ತಟ್ಟೆಗೆ ನಾನು ಕೈ ಹಾಕಲ್ಲ. ನೀನೇ ಮಾಡು, ನಾನು ಬೈತೀನಿ."

ಹಾಗೇ ಆಯಿತು. ಸೌಮು ಕುರ್ಚಿಯಲ್ಲಿ ಕೂತು, ಲುತ್ಫಿಯಾಳ ಏಳು ತಲೆಮಾರನ್ನೂ ಸಾಲಾಗಿ ನಿಲ್ಲಿಸಿ ಬೈದಳು; ಬೈಗುಳಗಳ ನಡುವೆ ನಡುವೆ ಕೆಲಸ ಹೇಳಿದಳು. ಎರಡು ಸಲ ಸೋಪು ಹಾಕಿ ಮುಖ ತೊಳೆಸಿದ್ದಾಯಿತು. ಮದುಮಗಳನ್ನು ಹಾಗೇ ಕೂರಿಸಿ ಬೆವರು ಹರಿಯಲು ಬಿಟ್ಟದ್ದಾಯಿತು, ಏಕೆಂದರೆ ಹೊರಬರುವ ಬೆವರು ಬಣ್ಣಕ್ಕೆ ಮೊದಲೇ ಬಂದುಬಿಡಬೇಕು. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸಿನ ತುಂಡು ಹಣೆಗೆ, ಮೂಗಿಗೆ, ತುಟಿಯ ಮೇಲಕ್ಕೆ. ಕಾಗದ ಒತ್ತಿ ನೋಡುವುದು. ಕಾಗದ ಒಣಗಿಯೇ ಬಂದ ಮೇಲೆ ಬೆರಳ ತುದಿಯಷ್ಟು ಬಣ್ಣ. ಲುತ್ಫಿಯಾ ಇನ್ನೊಂದು ಚೂರಿಗೆ ಕೈ ಚಾಚಿದಾಗ ಸೌಮು ಕೈಗೆ ಸಿಕ್ಕ ಬಾಚಣಿಗೆಯಿಂದ ಅವಳ ಮಣಿಕಟ್ಟಿಗೆ ಬಾರಿಸಿದಳು. ಪೌಡರನ್ನು ಉಜ್ಜಲು ಬಿಡಲಿಲ್ಲ, ಒತ್ತಿಸಿದಳು. ಝುವೇನಾ ಕೆಂಡದ ಧೂಪದ ಬಟ್ಟಲನ್ನು ಮದುಮಗಳ ಗಲ್ಲದಡಿ ಹಿಡಿಯಲು ಬಂದಾಗ, ಅದನ್ನು ಪಾದದ ಬಳಿ ಇಡಿ, ಇಲ್ಲದಿದ್ದರೆ ನಿಮ್ಮ ಮಡಿಲಲ್ಲಿ ಇಡುತ್ತೇನೆ ಎಂದಳು.

ಕೊನೆಗೆ ಮದುಮಗಳನ್ನು ಏಳಿಸುವಾಗ ಸೌಮು ಆ ಎಣ್ಣೆಕಾಗದವನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಸೇರಿಸಿಕೊಂಡಳು.

"ಬಿ ಝುವೇನಾ, ಈ ದಡ್ಡಿ ಮುಖ ಕೆಡಿಸಿದಳು ಅಂತ ಹೊರಗೆ ಒಂದು ಮಾತು ನನ್ನ ಕಿವಿಗೆ ಬಿದ್ರೆ, ನಿಮ್ಮ ಮನೆತನದ ಪದ್ಧತಿ ಮುನ್ನೂರು ಜನರ ಕೈ ದಾಟುತ್ತೆ."

ಮುನ್ನೂರು ಹೆಂಗಸರು ಬಂದರು, ಬಗ್ಗಿದರು, ಕುಂದು ಹುಡುಕಿದರು. ಸಿಕ್ಕಿದ್ದು ಒಂದು ಮುಖ ಮಾತ್ರ. ಯಾರ ಕೈಗುಣ ಎಂದು ಒಬ್ಬಳು ಕೇಳಿದಾಗ ಝುವೇನಾ ಹಲ್ಲು ಕಚ್ಚಿಕೊಂಡು ಲುತ್ಫಿಯಾಳ ಹೆಸರು ಹೇಳಿದಳು.

ಲುತ್ಫಿಯಾಳಿಗೆ ಕೃತಜ್ಞತೆ ಹುಟ್ಟಲಿಲ್ಲ. ಉಳಿಸಿದ್ದಕ್ಕೆ ಸೌಮುವಿನ ಮೇಲೆ ಅವಳಿಗೆ ಇನ್ನಷ್ಟು ಸಿಟ್ಟು ಬಂದಿತ್ತು. ಆದರೂ ಮುದುಕಿ ಚಪ್ಪಲಿ ಹುಡುಕುತ್ತಿದ್ದಾಗ ಬಾಗಿಲಿಗೆ ಅಡ್ಡ ನಿಂತಳು. ಬೈದಿದ್ದೆಲ್ಲ ಮುಗಿಯಿತಲ್ಲ, ಇವತ್ತಾದರೂ ಆ ಒಂದು ವಿದ್ಯೆ ಹೇಳಿಬಿಡಿ ಎಂದಳು. ಗಾಳಿಗೂ ಬಣ್ಣಕ್ಕೂ ಏನು ಸಂಬಂಧ, ಚರ್ಮಕ್ಕೆ ಅದು ಏನು ಮಾಡುತ್ತದೆ, ಅಜ್ಜಿ ಏನು ಹೇಳಿಕೊಟ್ಟಿದ್ದಳು?

"ಮೂವತ್ತು ವರ್ಷದಿಂದ ಫ್ಯಾನ್ ಯಾಕೆ ಆರಿಸ್ತೀರಿ, ಬಿ ಸೌಮು?"

ಸೌಮು ಚಪ್ಪಲಿಗೆ ಕಾಲು ತೂರಿಸಿದಳು.

"ಗಾಳಿ ಬಿದ್ರೆ ನನಗೆ ಕುತ್ತಿಗೆ ಹಿಡ್ಕೊಳ್ಳತ್ತೆ."