ಲೈಸೆನ್ಸ್ ಸಂಖ್ಯೆ ಇಲ್ಲದ ಎಪ್ಪತ್ತಮೂರು ಸಾಲುಗಳು

1999ರ ಆಗಸ್ಟ್ ತಿಂಗಳಲ್ಲಿ ನಾನು ಸ್ಯಾನ್ ಹೋಸೆ ನಗರದ ಬೆರ್ರಿಯೆಸಾ ಭಾಗದಲ್ಲಿದ್ದ ಒಂದು ಸಣ್ಣ ಕಂಪನಿಗೆ ಮ್ಯಾಪಿಂಗ್ ಟೆಕ್ನಿಷಿಯನ್ ಆಗಿ ಸೇರಿದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮೈಸೂರಿನಲ್ಲಿ ಸಿವಿಲ್ ಬಿ.ಇ. ಮುಗಿಸಿ, ಎರಡು ವರ್ಷ ಸರ್ವೆ ಕೆಲಸ ಮಾಡಿ, ಎಚ್-1 ವೀಸಾದ ಮೇಲೆ ಬಂದಿದ್ದೆ. ಸುತ್ತಮುತ್ತ ಎಲ್ಲರೂ ಇಂಟರ್ನೆಟ್ ಕಂಪನಿಗಳ ಷೇರಿನ ಮಾತಾಡುತ್ತಿದ್ದ ದಿನಗಳಲ್ಲಿ ನನಗೆ ಸಿಕ್ಕಿದ್ದು ಬಾತುಕೋಳಿಗಳನ್ನು ಎಣಿಸುವ ಕೆಲಸ.

ನೆವಾರ್ಕ್ ಊರಿನ ಅಂಚಿನಲ್ಲಿ, ಕೊಲ್ಲಿಗೆ ತಾಗಿಕೊಂಡಂತೆ, ಸಾರ್ವಜನಿಕ ಜೌಗು ಪ್ರದೇಶವೊಂದಿದೆ. ಅದನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ ಅಕ್ಟೋಬರ್‌ನಿಂದ ಜನವರಿಯವರೆಗೆ, ವಾರದಲ್ಲಿ ಮೂರು ದಿನ, ಅಲ್ಲಿ ಬಾತುಕೋಳಿ ಬೇಟೆಗೆ ಅವಕಾಶ ಕೊಡುತ್ತದೆ. ಗೇಟಿನ ಬಳಿ ಚೆಕ್ ಸ್ಟೇಷನ್ ಎಂದು ಕರೆಯುವ ಪುಟ್ಟ ಕೋಣೆಯಿದೆ. ಒಳಗೆ ಹೋಗುವ ಪ್ರತಿಯೊಬ್ಬರೂ ಅಲ್ಲಿಟ್ಟ ಹಾಳೆಯಲ್ಲಿ ಹೆಸರು, ಬೇಟೆ ಲೈಸೆನ್ಸ್ ಸಂಖ್ಯೆ, ಹಿಡಿದ ದಾರಿ, ಒಳಹೋದ ಹೊತ್ತು, ಹೊರಬಂದ ಹೊತ್ತು, ಹೊಡೆದ ಹಕ್ಕಿಗಳ ಸಂಖ್ಯೆ ಬರೆಯಬೇಕು. ಕೊನೆಯಲ್ಲಿ 'ಷರಾ' ಎಂದು ಒಂದು ಸಣ್ಣ ಅಂಕಣ. ಕಚೇರಿ ಆ ಜಾಗಕ್ಕೆ ಹೊಸ ಯೋಜನೆಯೊಂದನ್ನು ಬರೆಯುತ್ತಿತ್ತು. ಅದಕ್ಕಾಗಿ ಐದು ಬೇಟೆ ಋತುಗಳ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿ, ಯಾವ ದಾರಿಯಲ್ಲಿ ಎಷ್ಟು ಜನ ಹೋದರು ಎಂದು ನಕ್ಷೆಯಲ್ಲಿ ತೋರಿಸುವ ಗುತ್ತಿಗೆ ನಮ್ಮ ಕಂಪನಿಗೆ ಬಂದಿತ್ತು. ಹನ್ನೊಂದು ರಟ್ಟಿನ ಪೆಟ್ಟಿಗೆಗಳು ನನ್ನ ಮೇಜಿನ ಪಕ್ಕ ಬಂದು ಕೂತವು.

ನನ್ನ ಮ್ಯಾನೇಜರ್ ಪುಟ್ಟರಾಜು ಮಂಡ್ಯ ಕಡೆಯವರು, ಇಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ನನ್ನ ಕ್ಯೂಬಿಕಲ್ ಗೋಡೆಯ ಮೇಲೆ ಕೈಯಿಟ್ಟು, "ಏನಮ್ಮಾ ಫರ್ಹಾನಾ, ಇವತ್ತು ಎಷ್ಟು ಬಾತುಕೋಳಿ ಮೇಯಿಸಿದ್ರಿ?" ಎಂದು ಕೇಳುವುದು ಅವರ ಪದ್ಧತಿ. "ಇನ್ನೂರ ಹತ್ತು ಸಾರ್, ಎಲ್ಲಾ ಸತ್ತಿರೋವೇ," ಎನ್ನುವುದು ನನ್ನ ಪದ್ಧತಿ.

ಮೂರನೆಯ ದಿನವೇ ಒಂದು ತೊಡಕು ಬಂತು. ಲೈಸೆನ್ಸ್ ಸಂಖ್ಯೆಯ ಜಾಗ ಖಾಲಿ ಇದ್ದರೆ ಸಾಫ್ಟ್‌ವೇರ್ ಆ ಸಾಲನ್ನು ಉಳಿಸಿಕೊಳ್ಳುತ್ತಿರಲಿಲ್ಲ. ನೀರು ಬಿದ್ದು ಅಕ್ಷರ ಅಳಿಸಿದ ಸಾಲುಗಳಿದ್ದವು, ಎರಡು ಬಾರಿ ಬರೆದವೂ ಇದ್ದವು. ಅವುಗಳ ಜೊತೆಗೆ, ಸ್ಪಷ್ಟವಾದ ದುಂಡಗಿನ ಕೈಬರಹದಲ್ಲಿ, ಲೈಸೆನ್ಸ್ ಜಾಗದಲ್ಲಿ ಒಂದು ಅಡ್ಡಗೆರೆ, ಹಕ್ಕಿಗಳ ಜಾಗದಲ್ಲಿ ಸೊನ್ನೆ, ಷರಾದಲ್ಲಿ 'ಟೂಲಿ' ಎಂದು ಬರೆದ ಸಾಲುಗಳೂ ಸಿಗುತ್ತಿದ್ದವು. ಹೆಸರು ಡೊಲೊರೆಸ್ ವೇಗಾ, ಕೆಲವು ಕಡೆ ಅದೇ ವೇಗಾ ಮನೆತನದ ಬೇರೆ ಹೆಸರು.

"ಸಾಫ್ಟ್‌ವೇರು ತಗೊಳಲ್ಲ ಅಂದ್ರೆ ಬಿಟ್ಟಾಕಿ," ಎಂದರು ಪುಟ್ಟರಾಜು. "ಹಕ್ಕೀನೇ ಹೊಡ್ದಿಲ್ಲ, ಲೈಸೆನ್ಸೂ ಇಲ್ಲ. ಇವ್ರನ್ನ ಹಾಕ್ಕೊಂಡು ಏನ್ಮಾಡ್ತೀರಿ? ವಾಕಿಂಗ್ ಬಂದಿರ್ತಾರೆ."

ಬಿಟ್ಟೆ. ಇದನ್ನು ಒಪ್ಪಿಕೊಳ್ಳಲೇಬೇಕು, ಆ ಸಾಲುಗಳನ್ನು ಬಿಟ್ಟವಳು ನಾನೇ. ಆದರೆ ಮೈಸೂರಿನಲ್ಲಿ ಸರ್ವೆ ಕಲಿಸಿದ ಮೇಷ್ಟ್ರು ನಮ್ಮ ತಲೆಗೆ ಒಂದು ನಿಯಮ ತುಂಬಿದ್ದರು. ಫೀಲ್ಡ್ ಬುಕ್ಕಿನಲ್ಲಿ ರಬ್ಬರ್ ಬಳಸುವಂತಿಲ್ಲ. ತಪ್ಪಾದರೆ ಅದು ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಾರಣ ನಮೂದಿಸಬೇಕು. ರಬ್ಬರ್ ಸಿಕ್ಕಿದವರ ಪುಸ್ತಕವನ್ನು ಅವರು ಕಿಟಕಿಯಿಂದ ಎಸೆಯುತ್ತಿದ್ದರು. ಆ ಅಭ್ಯಾಸದಿಂದ, ನಾನು ಕೈಬಿಟ್ಟ ಪ್ರತಿ ಸಾಲಿನ ಪೆಟ್ಟಿಗೆ, ಹಾಳೆ, ದಿನಾಂಕ, ಹೆಸರು, ಬಿಟ್ಟ ಕಾರಣಗಳನ್ನು ಡೈರಿಯಲ್ಲಿ ಬರೆದಿಟ್ಟೆ. ಯಾರೂ ಕೇಳಿರಲಿಲ್ಲ. ಅಕ್ಟೋಬರ್ 15ಕ್ಕೆ ಕೆಲಸ ಮುಗಿದಾಗ ಬಿಟ್ಟ ಸಾಲುಗಳು 143. ಓದಲಾಗದವು 61, ಎರಡು ಬಾರಿ ಬರೆದವು 9, ವೇಗಾ ಕುಟುಂಬದವು 73. ಆ ಎಪ್ಪತ್ತಮೂರು ಐದೂ ಋತುಗಳಲ್ಲಿ ಹರಡಿದ್ದವು: 14, 16, 13, 17, 13. ಒಂದು ವರ್ಷವೂ ತಪ್ಪಿರಲಿಲ್ಲ. ಅದನ್ನು ಗಮನಿಸಿದೆ, ಡೈರಿ ಮುಚ್ಚಿದೆ.

ಅಕ್ಟೋಬರ್ 23, ಶನಿವಾರ, ದಾರಿಗಳ ಅಳತೆ ಪರಿಶೀಲಿಸಲು ಜಿಪಿಎಸ್ ಯಂತ್ರ ಹಿಡಿದು ಜೌಗಿಗೆ ಹೋದೆ. ಆ ಋತುವಿನಿಂದ ಕಚೇರಿ ಹೊಸ ನಿಯಮವನ್ನು ಪರೀಕ್ಷೆಗೆಂದು ತಂದಿತ್ತು: ಬೇಟೆಯ ದಿನಗಳಲ್ಲಿ ಪೂರ್ವದ ಕಾಲುದಾರಿಗೆ ಲೈಸೆನ್ಸ್ ಇದ್ದವರು ಮಾತ್ರ. ಗೇಟಿನ ಬಳಿ ಅರವತ್ತೈದರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಮೊಣಕಾಲಿನ ತನಕ ರಬ್ಬರ್ ಬೂಟು, ಕೈಯಲ್ಲಿ ಕುಡುಗೋಲಿನಂಥ ಚಾಕು, ಹಗ್ಗದ ಸುರುಳಿ. ಕಾವಲಿಗಿದ್ದ ಯುವ ಅಧಿಕಾರಿ ಅಡ್ಡ ನಿಂತಿದ್ದ. ಅವರ ಇಂಗ್ಲಿಷ್ ಮಾತನ್ನು ಕನ್ನಡದಲ್ಲೇ ಕೊಡುತ್ತೇನೆ.

"ಬೇಟೆಗಾರರಲ್ಲದವರು ಈ ದಾರಿ ಬಳಸಿದ ದಾಖಲೆಯೇ ನಮ್ಮಲ್ಲಿಲ್ಲ, ಮ್ಯಾಮ್. ಕಂಪ್ಯೂಟರ್‌ನಲ್ಲಿ ನೋಡಿದೆವು."

"ಕಂಪ್ಯೂಟರ್ ಹುಟ್ಟೋದಕ್ಕೆ ಮುಂಚಿನಿಂದ ನಿಮ್ಮ ಹಾಳೆಗೆ ಹೆಸರು ಬರೀತಾ ಇದ್ದೀನಿ, ಮಗು. ನಿಮ್ಮವರೇ ಬರೀ ಅಂದರು, ಅದಕ್ಕೇ ಬರೆದೆ. ಬೇಕಾದ್ರೆ ನಿನ್ನ ಮೇಜಿನ ಮೇಲೆ ಹುಡುಕು."

"ಹೆಸರು?"

"ಡೊಲೊರೆಸ್ ವೇಗಾ."

ಜಿಪಿಎಸ್ ಯಂತ್ರ ನನ್ನ ಕೈಯಲ್ಲಿತ್ತು. ಅದರ ಪರದೆಯ ಮೇಲೆ ಏನಿತ್ತೋ ನೆನಪಿಲ್ಲ. ಅಧಿಕಾರಿ ನಕಾರವಾಗಿ ತಲೆಯಾಡಿಸಿದ. ಆಕೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಪಾರ್ಕಿಂಗ್ ಜಾಗಕ್ಕೆ ವಾಪಸಾದರು. ನಾನು ಹಿಂದೆಯೇ ಹೋಗಿ, ನಾನು ಯಾರು, ಏನು ಮಾಡಿದೆ ಎಂದು ಹೇಳಿದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ. ನನ್ನನ್ನು ಅಳಿಸಿದವಳು ನೀನೇನಾ? ಇನ್ನೂ ದೊಡ್ಡ ಆಳು ಇರ್ತಾನೆ ಅಂದ್ಕೊಂಡಿದ್ದೆ."

ಟ್ರಕ್ಕಿನ ಹಿಂಬದಿಯಲ್ಲಿ ಕೂತು ಅವರು ವಿಷಯ ತಿಳಿಸಿದರು. ಆಕೆ ಈ ನಾಡಿನ ಮೂಲನಿವಾಸಿಗಳಾದ ಓಲೋನಿ ಜನಾಂಗದವರು. ಕೊಲ್ಲಿಯ ಈ ದಂಡೆ ಅವರ ಪೂರ್ವಿಕರ ನೆಲ. ಟೂಲಿ ಎಂಬುದು ಚಾಪೆಗೂ ದೋಣಿಗೂ ಬಳಸುವ ಜೊಂಡು. ಆಕೆಯ ತಾಯಿ ಕೊಯ್ಯುತ್ತಿದ್ದ ಹೊಂಡದಲ್ಲೇ ಆಕೆ, ಆಕೆಯ ತಂಗಿ, ಅವರ ಹೆಣ್ಣುಮಕ್ಕಳು ಕೊಯ್ಯುತ್ತಾರೆ. ಮಳೆ ಹಿಡಿಯುವ ಮೊದಲಿನ ಕೆಲವೇ ವಾರಗಳಲ್ಲಿ, ಎಲ್ಲರಿಗೂ ಕೆಲಸಕ್ಕೆ ರಜೆಯಿರುವ ಶನಿವಾರ, ಭಾನುವಾರ. ಹೊಂಡದ ಆಚೆ ಕಪ್ಪೆಚಿಪ್ಪು, ಮಣ್ಣು ಸೇರಿ ಎದ್ದ ತಗ್ಗು ದಿಬ್ಬವಿದೆ. ಹಳಬರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಹೊಸ ಯೋಜನೆಯಲ್ಲಿ ಪೂರ್ವದ ದಾರಿಯನ್ನು ಶಾಶ್ವತವಾಗಿ ಮುಚ್ಚಿ, ದಿಬ್ಬದ ಬುಡದಲ್ಲಿ ಬೇಟೆಗಾರರ ಗಾಡಿ ನಿಲ್ಲಿಸಲು ಜಾಗ ಮಾಡುತ್ತಾರಂತೆ. ಮೊದಲಿನಿಂದ ಬಳಕೆಯಿದ್ದ ದಾಖಲೆ ತೋರಿಸಿದವರ ದಾರಿಯನ್ನು ಮಾತ್ರ ಉಳಿಸುವುದಾಗಿ ಕಚೇರಿ ಹೇಳಿತ್ತು.

ನಾನು ಎಚ್.ಡಿ. ಕೋಟೆಯವಳು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಾದಿ ಗಿರಿಜನರ ಹಾಡಿಯಿಂದ ಬರುತ್ತಿದ್ದಳು. ಅವಳ ಅಜ್ಜ ಕಾಡಿನೊಳಗಿದ್ದ ತಮ್ಮ ಹಳೆಯ ಮನೆಯ ಜಾಗಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. "ರೆಕಾರ್ಡಲ್ಲಿಲ್ಲ, ಹೋಗಪ್ಪ" ಎಂದು ಗುಮಾಸ್ತರು ಕಳಿಸುತ್ತಿದ್ದರು. ಆ ರೆಕಾರ್ಡು ಬರೆದವರು ಯಾರು ಎಂದು ಅಂದು ನನಗೆ ಕೇಳಬೇಕೆನಿಸಿರಲಿಲ್ಲ. ಈ ಸಲ ಉತ್ತರ ಗೊತ್ತಿತ್ತು. ಬರೆದವಳು ನಾನೇ.

ಸೋಮವಾರ ಆಫೀಸಿಗೆ ಹೋದರೆ ಪೆಟ್ಟಿಗೆಗಳ ಮೇಲೆ ಚೂರು ಮಾಡಲು ಕಳಿಸುವ ಹಳದಿ ಚೀಟಿ ಅಂಟಿಸಿತ್ತು. ಅದನ್ನು ಕಿತ್ತು ಪುಟ್ಟರಾಜು ಅವರ ಮೇಜಿನ ಮೇಲಿಟ್ಟೆ.

"ಇದೇನಮ್ಮಾ?"

"ಪೆಟ್ಟಿಗೆ ಕೊಡಲ್ಲ ಸಾರ್. ನಾವು ಬಿಟ್ಟಿರೋ ಸಾಲುಗಳನ್ನ ಸೇರಿಸ್ಬೇಕು."

"ಡೆಲಿವರಿ ಆಗೋಯ್ತು ಕಣಮ್ಮ. ಕ್ಲೈಂಟು ಖುಷಿಯಾಗಿದ್ದಾರೆ. ಈಗ ಹೋಗಿ, ನಾವು ತಪ್ಪು ಮಾಡಿದ್ವಿ ಅಂತ ಹೇಳಕ್ಕಾಗತ್ತಾ?"

"ಆಗತ್ತೆ. ನಾನೇ ಹೇಳ್ತೀನಿ."

ಅವರು ಎದ್ದು ಬಾಗಿಲು ಹಾಕಿದರು. "ನೋಡಿ, ನಿಮ್ಮ ಎಚ್-1 ಈ ಕಂಪನೀದು. ನನ್ನ ಗ್ರೀನ್ ಕಾರ್ಡ್ ಫೈಲೂ ಇಲ್ಲೇ ಕೂತಿದೆ. ಯಾರೋ ಜೊಂಡು ಕೊಯ್ಯೋರಿಗೋಸ್ಕರ ಇಬ್ರೂ ಗಂಟುಮೂಟೆ ಕಟ್ಟೋಣ್ವಾ? ಇದು ಅವ್ರ ದೇಶ, ಅವ್ರವ್ರೇ ನೋಡ್ಕೋತಾರೆ ಬಿಡಿ."

"ಅವ್ರವ್ರ ಮಧ್ಯ ನಾನು ಬಂದಾಯ್ತಲ್ಲ ಸಾರ್. ಎಪ್ಪತ್ತಮೂರು ಸಲ."

ಅಂದು ಮಧ್ಯಾಹ್ನ ಗುತ್ತಿಗೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಂತಿಮ ಒಪ್ಪಿಗೆಯಾಗುವವರೆಗೆ ಮೂಲ ಹಾಳೆಗಳನ್ನು ನಾಶಮಾಡುವಂತಿಲ್ಲ ಎಂದು ಆರನೆಯ ಪುಟದಲ್ಲಿತ್ತು. ಆ ಸಾಲಿನ ಕೆಳಗೆ ಗೆರೆ ಎಳೆದು, ಪ್ರತಿ ತೆಗೆದು, ಹನ್ನೊಂದು ಪೆಟ್ಟಿಗೆಗಳಿಗೂ ಒಂದೊಂದು ಅಂಟಿಸಿದೆ. ಆಮೇಲೆ ಜೌಗಿನ ಯೋಜನೆಯನ್ನು ತೀರ್ಮಾನಿಸುವ ಸಮಿತಿಗೆ ನನ್ನ ಹೆಸರಿನಲ್ಲಿ ಎರಡು ಪುಟದ ಪತ್ರ ಬರೆದೆ. 143 ಸಾಲುಗಳನ್ನು ನಾನು ಕೈಬಿಟ್ಟಿದ್ದೇನೆ, ಅವುಗಳ ಪೆಟ್ಟಿಗೆ ಮತ್ತು ಹಾಳೆ ಸಂಖ್ಯೆಗಳು ಇಂತಿವೆ, ಯಾರು ಬೇಕಾದರೂ ತೆಗೆದು ನೋಡಬಹುದು ಎಂದಷ್ಟೇ ಅದರಲ್ಲಿತ್ತು. ಒಂದು ಹಾಳೆಯನ್ನೂ ನಾನು ಆಫೀಸಿನಿಂದ ಹೊರಗೆ ಒಯ್ಯಲಿಲ್ಲ. ಮರುವಾರವೇ ನನ್ನನ್ನು ಆ ಕೆಲಸದಿಂದ ತೆಗೆದು, ಚರಂಡಿ ನಕ್ಷೆಗಳಿಗೆ ಹಾಕಿದರು.

ಸಮಿತಿಯ ಸಾರ್ವಜನಿಕ ಸಭೆ 2000ದ ಫೆಬ್ರವರಿ 17ರ ಮಧ್ಯಾಹ್ನ ನಡೆಯಿತು. ಮಾತಾಡಬಯಸುವವರಿಗೆ ತಲಾ ಮೂರು ನಿಮಿಷ. ಸಭೆಯಲ್ಲಿ ಐವತ್ತೆರಡು ಜನರಿದ್ದರು. ಮೂವತ್ತೊಂದು ಮಂದಿ ಬೇಟೆಯ ಟೋಪಿ ಹಾಕಿದ್ದರು. ನಾನು ಅವರನ್ನು ವಿರೋಧಿಗಳೆಂದು ಎಣಿಸಿದ್ದೆ. ಎಣಿಕೆ ಸರಿಯಿತ್ತು, ಊಹೆ ತಪ್ಪಿತ್ತು.

ಮೊದಲು ಎದ್ದ ಟೋಪಿ ವಾಲ್ಟ್ ಎಂಬ ನೆವಾರ್ಕಿನ ನಿವೃತ್ತ ಮೆಕ್ಯಾನಿಕ್ ಒಬ್ಬರದು. "ನಾನು ನಲವತ್ತು ವರ್ಷದಿಂದ ಅಲ್ಲಿ ಬಾತು ಹೊಡೀತೀನಿ. ಹೊಡೀತೀನಿ ಅನ್ನೋದು ನನ್ನ ಹೆಂಡತಿಗೆ ಹೇಳೋ ಮಾತು, ಬಹಳ ಸಲ ಗುರಿ ತಪ್ಪತ್ತೆ," ಎಂದರು. ಸಭೆ ನಕ್ಕಿತು. "ಈ ಹೆಂಗಸರು ಜೊಂಡು ಕೊಯ್ಯೋದರಿಂದಲೇ ನನ್ನ ದೋಣಿಗೆ ದಾರಿ ಇರೋದು. ಅವರು ಬಂದ ಸದ್ದಾದರೆ ನಾನು ಬಂದೂಕು ಕೆಳಗಿಡ್ತೀನಿ, ಅವರು ನನಗೆ ಕಾಫಿ ಕೊಡ್ತಾರೆ. ನಮ್ಮಿಬ್ಬರ ಮಧ್ಯ ಜಗಳ ಇದೆ ಅಂತ ನಿಮಗೆ ಹೇಳಿದವರು ಯಾರು?"

ಆದರೆ ಎಲ್ಲ ಟೋಪಿಗಳೂ ಹಾಗಿರಲಿಲ್ಲ. ಲೈಸೆನ್ಸಿಗೆ ಹಣ ಕಟ್ಟುವವರಿಗೇ ಜಾಗ ಮೀಸಲಿರಲಿ ಎಂದು ಏಳು ಮಂದಿ ಹೇಳಿದರು. ನನ್ನ ಸರದಿ ಬಂದಾಗ ಸಂಖ್ಯೆಗಳನ್ನು ಓದಿದೆ. ಯೋಜನೆ ಬರೆದ ಅಧಿಕಾರಿ ಮೈಕ್ ಎಳೆದುಕೊಂಡು, "ಇವು ಬೇಟೆಯ ಹಾಳೆಗಳು. ಲೈಸೆನ್ಸ್ ಇಲ್ಲದವರು ಅದರಲ್ಲಿ ಹೆಸರು ಗೀಚಿದರೆ ಅದು ದಾಖಲೆ ಆಗೋದಿಲ್ಲ," ಎಂದರು.

"ಹಾಗಾದರೆ ಅದೇ ಹಾಳೆಯಲ್ಲಿ ಗೀಚಿದ ಹಕ್ಕಿ ಲೆಕ್ಕವೂ ದಾಖಲೆ ಆಗೋದಿಲ್ಲ," ಎಂದೆ. "ನಿಮ್ಮ ಇಡೀ ಯೋಜನೆ ಅದರ ಮೇಲೇ ನಿಂತಿದೆ. ಅದನ್ನೂ ವಾಪಸ್ ತಗೊಳ್ಳಿ."

ಅಧ್ಯಕ್ಷೆ ಪೆಟ್ಟಿಗೆಗಳನ್ನು ತರಿಸಲು ಹೇಳಿದರು. ಸಮಿತಿಯ ಗುಮಾಸ್ತರು ಎರಡು ವಾರ ಕೂತು ನನ್ನ ಪಟ್ಟಿಯನ್ನು ಹಾಳೆಗಳಿಗೆ ತಾಳೆ ಹಾಕಿದರು. ಎಪ್ಪತ್ತಮೂರೂ ಸಿಕ್ಕವು. ಓದಲಾಗದವೆಂದು ನಾನು ಬಿಟ್ಟಿದ್ದರಲ್ಲಿ ಇನ್ನೂ ಎರಡು ಅವರದೇ ಎಂದು ಆ ಗುಮಾಸ್ತರು ಪತ್ತೆ ಮಾಡಿದರು. ಅದನ್ನೂ ಡೈರಿಯಲ್ಲಿ ಬರೆದುಕೊಂಡೆ.

ಮಾರ್ಚ್‌ನಲ್ಲಿ ಕಚೇರಿ ಒಂದು ರಾಜಿ ಮುಂದಿಟ್ಟಿತು. ವೇಗಾ ಕುಟುಂಬಕ್ಕೆ ಪ್ರತಿವರ್ಷ ನವೀಕರಿಸುವ ಪ್ರವೇಶ ಪರವಾನಗಿ. ನಾನು ಗೆದ್ದೆವೆಂದುಕೊಂಡೆ. ಡೊಲೊರೆಸ್ ಆ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು.

"ಇವತ್ತು ಕೊಟ್ಟೋರು ನಾಳೆ ಕೊಡಲ್ಲ ಅಂತಾರೆ. ನನಗೆ ನೀವು ಕೊಡೋದು ಏನೂ ಬೇಡ. ನಾವು ಬರ್ತಾ ಇದ್ದೆವು, ಬರ್ತೀವಿ ಅಂತ ಬರೀರಿ."

ಮೂರು ಸಭೆಗಳ ನಂತರ ಹಾಗೆಯೇ ಬರೆದರು. ದಾರಿ ಮುಚ್ಚಲಿಲ್ಲ, ಗಾಡಿ ನಿಲ್ಲಿಸುವ ಜಾಗ ಪಶ್ಚಿಮಕ್ಕೆ ಸರಿಯಿತು, ಬೇಟೆಯ ದಿನಗಳಲ್ಲೂ ಹೊಂಡಕ್ಕೆ ಹೋಗಬಹುದೆಂದಾಯಿತು. ದಿಬ್ಬ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಸಮಿತಿ ಮುಟ್ಟಲಿಲ್ಲ. ಅದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದಿತು.

ಮೇ ತಿಂಗಳಲ್ಲಿ ನಾನು ಬೇರೆ ಕಂಪನಿಗೆ ವೀಸಾ ವರ್ಗಾಯಿಸಿಕೊಂಡೆ. ಆಗ ಕೆಲಸ ಸಿಗುವುದು ಕಷ್ಟವಿರಲಿಲ್ಲ, ಅದು ನನ್ನ ಅದೃಷ್ಟ. ಅದಿಲ್ಲದಿದ್ದರೂ ಅದೇ ಪತ್ರ ಬರೆಯುತ್ತಿದ್ದೆನೇ ಎಂದು ಹಲವು ಬಾರಿ ಕೇಳಿಕೊಂಡಿದ್ದೇನೆ. ಹೌದು ಎಂದು ಹೇಳುವಷ್ಟು ಧೈರ್ಯ ಈಗ ಬಂದಿದೆ. ಹೊರಡುವ ದಿನ ಪುಟ್ಟರಾಜು ಗಾಡಿಯ ತನಕ ಬಂದರು. "ನೀವು ಮಾಡಿದ್ದು ಸರಿ ಅಂತ ನನ್ನ ಬಾಯಲ್ಲಿ ಮಾತ್ರ ಹೇಳಿಸ್ಬೇಡಿ, ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ," ಎಂದು ನಕ್ಕರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂಕಣವನ್ನು ಎಳೆಯುವವರೇ ಯಾರು ಇದ್ದರು, ಯಾರು ಇರಲಿಲ್ಲ ಎಂದು ತೀರ್ಮಾನಿಸುತ್ತಾರೆ, ಬಹಳ ಸಲ ತಮಗೇ ಗೊತ್ತಿಲ್ಲದಂತೆ. ಗೊತ್ತಾದ ಮೇಲೆ ಸುಮ್ಮನಿದ್ದರೆ ಅದು ಅವರೇ ಮಾಡಿದ ಕೆಲಸವಾಗುತ್ತದೆ. "ಸಾಫ್ಟ್‌ವೇರ್ ತಗೊಳ್ಳಲಿಲ್ಲ" ಎಂಬ ಉತ್ತರವನ್ನು ನಾನೀಗ ಯಾರಿಂದಲೂ ಒಪ್ಪುವುದಿಲ್ಲ, ನನ್ನಿಂದಲೂ.

2001ರ ಏಪ್ರಿಲ್ 21, ಶನಿವಾರ, ಡೊಲೊರೆಸ್ ಫೋನ್ ಮಾಡಿ ಕರೆಸಿಕೊಂಡರು. ದಿಬ್ಬದ ಒಡೆತನ ಕೇಳಿ ಅವರು ಅರ್ಜಿ ಹಾಕುವವರಿದ್ದರು, ಅದಕ್ಕೆ ನಕ್ಷೆ ಬೇಕಿತ್ತು. ನಾನು ಟೇಪು, ಗೂಟ, ಪುಸ್ತಕ ತಂದಿದ್ದೆ. ದಿಬ್ಬದ ಮೇಲೆ ಉತ್ತರಕ್ಕೆ ನೂರ ಹನ್ನೆರಡು ಅಡಿ ಅಳೆದಾಗ ತಂತಿಬೇಲಿ ಎದುರಾಯಿತು. ಅದರಾಚೆಯೂ ಅದೇ ಕಚೇರಿಯ ಸಾರ್ವಜನಿಕ ಜಾಗ, ಚಿಪ್ಪು ಬೆರೆತ ಅದೇ ಬಿಳಿಚಿದ ಮಣ್ಣು. ಗೂಟ ಹೊಡೆಯಲು ನಾನು ಬಗ್ಗಿದೆ.

"ಯಾಕೆ ನಿಂತೆ?" ಎಂದರು ಡೊಲೊರೆಸ್.

"ಬೇಲಿ ಬಂತಲ್ಲ."

"ಬೇಲಿ ಬಂದದ್ದು ಆಮೇಲೆ. ನಡಿ."

ಅವರು ಕೆಳಗಿನ ತಂತಿಯನ್ನು ಬೂಟಿನಿಂದ ಒತ್ತಿ, ಮೇಲಿನದನ್ನು ಎತ್ತಿ ಹಿಡಿದರು. ನಾನು ಟೇಪು ಬಿಡದೆ ನುಸುಳಿ ಆಚೆ ಹೋದೆ, ಅಳತೆ ಮುಂದುವರಿಸಿದೆ.